ಮುಚ್ಚಿದ ಬಾಗಿಲ ಮುಂದೆ ಮಲಗುವ ಚಪಲ

ಇಸ್ತಾಂಬುಲ್‌ಗೆ ಹೊರಟವರಿಗೆ ಸಿಗುವ ಸಲಹೆ ಒಂದೇ: ಸುಲ್ತಾನಹ್ಮೆತ್‌ನಲ್ಲೇ ರೂಮು ಮಾಡಿ. ಹೋಗಿ ಬಂದ ನೆಂಟರು ಇದನ್ನೇ ಹೇಳುತ್ತಾರೆ, ಟ್ರಾವೆಲ್ ಏಜೆಂಟರು ಇದನ್ನೇ ಹೇಳುತ್ತಾರೆ, ಗೈಡ್‌ಬುಕ್ಕುಗಳೂ ಇದನ್ನೇ ಹೇಳುತ್ತವೆ. ಹೇಳುವವರ ಬಳಿ ಕಾರಣವೂ ಸಿದ್ಧವಿದೆ. ಕ್ರಿ.ಶ. 537ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಕಟ್ಟಿಸಿ ಮುಗಿಸಿದ ಹಾಗಿಯಾ ಸೋಫಿಯಾ, ಅದರೆದುರು ಆರು ಮಿನಾರುಗಳ ನೀಲಿ ಮಸೀದಿ, ಹಿಂದೆ ತೋಪ್‌ಕಾಪಿ ಅರಮನೆ, ನೆಲದಡಿಯಲ್ಲಿ ಬೈಜಾಂಟೀನ್ ಕಾಲದ ನೀರಿನ ತೊಟ್ಟಿ, ನಡುವೆ ರೋಮನ್ನರ ಕುದುರೆ ಜೂಜಿನ ಬಯಲು, ಎಲ್ಲವೂ ಹತ್ತು ನಿಮಿಷದ ನಡಿಗೆಯಲ್ಲಿವೆ. ಹೊತ್ತು ಉಳಿಯುತ್ತದೆ, ಟ್ಯಾಕ್ಸಿ ಕಾಸು ಉಳಿಯುತ್ತದೆ. ಮೇಲಾಗಿ ಹಳೆಯ ಮರದ ಮನೆಯಲ್ಲಿ ಮಲಗಿ, ತಾರಸಿಯ ಮೇಲೆ ಗುಮ್ಮಟ ನೋಡುತ್ತ ತಿಂಡಿ ತಿನ್ನಬಹುದು. ಇತಿಹಾಸದ ಮಡಿಲಲ್ಲೇ ಇದ್ದ ಹಾಗಾಗುತ್ತದೆ ಎನ್ನುತ್ತಾರೆ.

ಕೇಳಲು ಇಂಪಾದ ಈ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ, ಇತಿಹಾಸಕ್ಕೂ ನಿಲ್ಲುವುದಿಲ್ಲ. ಮೂವತ್ತು ವರ್ಷಗಳ ಹಿಂದೆ ಅರೆಬರೆ ನಿಜವಾಗಿದ್ದ ಸಂಗತಿಯೊಂದು ಬಾಯಿಂದ ಬಾಯಿಗೆ ದಾಟಿ ಇಂದು ಶಾಸ್ತ್ರವಾಗಿ ಕುಳಿತಿದೆ. ಈ ಶಾಸ್ತ್ರವನ್ನು ನಂಬಿದವರು ಒಂದೂವರೆ ಕೋಟಿ ಜನರ ಮಹಾನಗರಕ್ಕೆ ಹೋಗಿ, ಅಲ್ಲಿನವರು ಅಷ್ಟಾಗಿ ವಾಸಿಸದ ಒಂದು ಚದರ ಕಿಲೋಮೀಟರಿನಲ್ಲಿ ರಾತ್ರಿ ಕಳೆದು ಬರುತ್ತಿದ್ದಾರೆ.

ಮೊದಲು ಲೆಕ್ಕ. ಹೋಟೆಲು ನಮಗೆ ಯಾವ ಹೊತ್ತಿನಲ್ಲಿ ಬೇಕು? ಸಂಜೆ ಕಾಲು ಸೋತ ಮೇಲೆ, ರಾತ್ರಿ ಊಟಕ್ಕೆ ಹೊರಡುವಾಗ, ಮುಂಜಾನೆ ಎದ್ದು ಒಂದು ಲೋಟ ಚಹಾ ಹುಡುಕುವಾಗ. ಸ್ಮಾರಕಗಳು ಬಹುಪಾಲು ಬಾಗಿಲು ಹಾಕಿಕೊಂಡಿರುವುದು ಇದೇ ಹೊತ್ತಿನಲ್ಲಿ. ತೋಪ್‌ಕಾಪಿ ಬೆಳಿಗ್ಗೆ ಒಂಬತ್ತಕ್ಕೆ ತೆರೆದು ಸಂಜೆಗೆ ಮುಚ್ಚುತ್ತದೆ, ಮಂಗಳವಾರ ತೆರೆಯುವುದೇ ಇಲ್ಲ. ನೀಲಿ ಮಸೀದಿಯಲ್ಲಿ ನಮಾಜಿನ ಹೊತ್ತಿಗೆ ಪ್ರವಾಸಿಗರನ್ನು ಹೊರಗೆ ನಿಲ್ಲಿಸುತ್ತಾರೆ. 2020ರಲ್ಲಿ ಮತ್ತೆ ಮಸೀದಿಯಾದ ಹಾಗಿಯಾ ಸೋಫಿಯಾದ ಕೆಳ ಅಂತಸ್ತು ಪ್ರಾರ್ಥನೆಗೆ ಮೀಸಲು; 2024ರ ಜನವರಿಯಿಂದ ವಿದೇಶಿ ಪ್ರವಾಸಿಗರು 25 ಯೂರೋ ಟಿಕೆಟ್ ಕೊಂಡು, ಬೇರೆ ಬಾಗಿಲಿನಿಂದ ಮೇಲಿನ ಮೊಗಸಾಲೆಗೆ ಹೋಗಬೇಕು. ಹಗಲಿಡೀ ನಾವು ಸ್ಮಾರಕಗಳ ಒಳಗೇ ಇರುತ್ತೇವೆ. ಆಗ ಹೋಟೆಲು ಎಲ್ಲಿದ್ದರೇನು? ರಾತ್ರಿ ನಾವು ಹೋಟೆಲಿನ ಬೀದಿಯಲ್ಲಿರುತ್ತೇವೆ. ಆಗ ಸ್ಮಾರಕ ಹತ್ತಿರವಿದ್ದರೇನು? ಸಾಮೀಪ್ಯಕ್ಕೆಂದು ಹೆಚ್ಚು ಹಣ ಕೊಡುವವರು ಮುಚ್ಚಿದ ಬಾಗಿಲಿನ ಸಾಮೀಪ್ಯವನ್ನು ಕೊಳ್ಳುತ್ತಿದ್ದಾರೆ.

ದಿನಗಳ ಲೆಕ್ಕವನ್ನೂ ಹಾಕೋಣ. ಸುಲ್ತಾನಹ್ಮೆತ್ ಚೌಕದ ಸುತ್ತಲಿನ ಸ್ಮಾರಕಗಳನ್ನು ಸಾವಧಾನವಾಗಿ ನೋಡಿದರೂ ಎರಡು ದಿನ ಸಾಕು. ಉಳಿದ ದಿನಗಳಲ್ಲಿ ನೋಡಬೇಕಾದದ್ದು ಬೇರೆಡೆ ಇದೆ. ಸುಲೇಮಾನಿಯೆ ಮಸೀದಿ ಬೇರೊಂದು ದಿಣ್ಣೆಯ ಮೇಲಿದೆ. ಹದಿನಾಲ್ಕನೇ ಶತಮಾನದ ಮೊಸಾಯಿಕ್‌ಗಳಿಗೆ ಹೆಸರಾದ ಕಾರಿಯೆ ಮಸೀದಿ ಪಶ್ಚಿಮದ ಕೋಟೆಗೋಡೆಯ ಬಳಿ ಇದೆ. ದೊಲ್ಮಾಬಾಹ್ಚೆ ಅರಮನೆ ಗೋಲ್ಡನ್ ಹಾರ್ನ್ ಖಾರಿಯ ಆಚೆಗಿದೆ. ಸಿನಾನ್ ಎಂಬ ಮಹಾ ವಾಸ್ತುಶಿಲ್ಪಿಯ ಮೂರು ಒಳ್ಳೆಯ ಮಸೀದಿಗಳು ಬಾಸ್ಫರಸ್ ಜಲಸಂಧಿಯ ಆಚೆ ದಡದ ಉಸ್ಕುದಾರ್‌ನಲ್ಲಿವೆ. ಹೀಗೆ ಎರಡು ದಿನದ ಅನುಕೂಲಕ್ಕಾಗಿ ವಾರದ ವಸತಿಯನ್ನು ನಿರ್ಧರಿಸುವುದು ಎಲ್ಲಿಯ ಜಾಣತನ?

ಇನ್ನು 'ಇತಿಹಾಸದ ಮಡಿಲು' ಎಂಬ ಮಾತಿಗೆ ಬರೋಣ. ಇತಿಹಾಸದಲ್ಲಿ ಈ ಊರಿಗೆ ಬಂದ ಪ್ರವಾಸಿಗರು ಎಲ್ಲಿ ಉಳಿಯುತ್ತಿದ್ದರು? ಅರಮನೆಯ ಹೆಬ್ಬಾಗಿಲ ಬಳಿಯಂತೂ ಅಲ್ಲ. ಆಟೊಮನ್ ಕಾಲದ ವ್ಯಾಪಾರಿ ಇಳಿದುಕೊಳ್ಳುತ್ತಿದ್ದುದು ಮಾರುಕಟ್ಟೆಯ ಸುತ್ತಲಿನ ಹಾನ್‌ಗಳಲ್ಲಿ. ಕೆಳಗೆ ಸರಕು ಮತ್ತು ಪ್ರಾಣಿಗಳು, ಮೇಲಿನ ಕೋಣೆಗಳಲ್ಲಿ ಮನುಷ್ಯರು. ಹದಿನೇಳನೇ ಶತಮಾನದ ನಡುವೆ ರಾಜಮಾತೆ ಕೋಸೆಮ್ ಸುಲ್ತಾನ್ ಕಟ್ಟಿಸಿದ ಬುಯುಕ್ ವಾಲಿದೆ ಹಾನ್ ಇಂದಿಗೂ ಗ್ರ್ಯಾಂಡ್ ಬಜಾರಿನ ಕೆಳಗಿನ ಇಳಿಜಾರಿನಲ್ಲಿ ನಿಂತಿದೆ. ಕೈಯಲ್ಲಿ ಕಾಸಿಲ್ಲದವನಿಗೂ ದಾರಿಯಿತ್ತು. ಫಾತಿಹ್ ಮಸೀದಿಯ ಸಮುಚ್ಚಯದಲ್ಲಿ ಪ್ರಯಾಣಿಕರಿಗೆ ಮೂರು ದಿನ ಪುಕ್ಕಟೆ ವಸತಿ, ಊಟ ಕೊಡುವ ಕಟ್ಟಳೆ ಇತ್ತು. ಮಸೀದಿ, ಮದರಸ, ಪಾಕಶಾಲೆ, ಆಸ್ಪತ್ರೆ ಒಂದೇ ಆವರಣದಲ್ಲಿದ್ದ ಜನವಸತಿಯ ನಟ್ಟನಡುವೆ ಪರಸ್ಥಳದವನಿಗೂ ಒಂದು ಚಾಪೆ ಇತ್ತು.

ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನಿಂದ ಬಂದವರು ಖಾರಿ ದಾಟಿ ಪೇರಾ ಎಂಬ ಮೊಹಲ್ಲಾದಲ್ಲಿ ಉಳಿದರು. ಓರಿಯಂಟ್ ಎಕ್ಸ್‌ಪ್ರೆಸ್ ರೈಲು ನಿಲ್ಲುತ್ತಿದ್ದುದು ಹಾಗಿಯಾ ಸೋಫಿಯಾದಿಂದ ಕೂಗಳತೆಯ ಸಿರ್ಕೆಜಿ ನಿಲ್ದಾಣದಲ್ಲಿ. ಆದರೂ ಅದರ ಪ್ರಯಾಣಿಕರನ್ನು ಕರೆದೊಯ್ಯುತ್ತಿದ್ದುದು ಆಚೆ ದಿಣ್ಣೆಗೆ, 1892ರಲ್ಲಿ ಅಲೆಕ್ಸಾಂದ್ರ್ ವಲೋರಿ ಎಂಬ ವಾಸ್ತುಶಿಲ್ಪಿಯ ಕೈಯಲ್ಲಿ ಕಟ್ಟಿಸಿದ ಪೇರಾ ಪಾಲಸ್‌ಗೆ. 1955ರಲ್ಲಿ ಬಂದ ಹಿಲ್ಟನ್ ಕೂಡ ಅದೇ ದಿಕ್ಕಿನಲ್ಲಿ ಇನ್ನೂ ಉತ್ತರಕ್ಕೆ ಹೋಗಿ ಕುಳಿತಿತು. ಸುಲ್ತಾನಹ್ಮೆತ್‌ಗೆ ಪರದೇಶಿಗಳು ಗುಂಪಾಗಿ ಬಂದದ್ದು 1960–70ರ ದಶಕಗಳಲ್ಲಿ. ಯುರೋಪಿನಿಂದ ಕಾಬೂಲ್, ದೆಹಲಿ, ಕಠ್ಮಂಡುವಿಗೆ ಬಸ್ಸು ಹತ್ತುತ್ತಿದ್ದ ಹಿಪ್ಪಿಗಳು ಅವರು. 1957ರಲ್ಲಿ ತೆರೆದ ಲಾಲೆ ಎಂಬ ತಿಂಡಿ ಅಂಗಡಿಯಲ್ಲಿ ಪುಡ್ಡಿಂಗ್ ತಿಂದು, ಅದರ ಗೋಡೆಗೆ ಪರಸ್ಪರ ಚೀಟಿ ಅಂಟಿಸಿ, ಅಗ್ಗದ ಕೊಠಡಿಗಳಲ್ಲಿ ಮಲಗುತ್ತಿದ್ದರು. ಅಂದರೆ ಯಾವುದನ್ನು ನಾವು ಈ ಊರಿನ ಸನಾತನ ಪದ್ಧತಿ ಎಂದುಕೊಂಡಿದ್ದೇವೋ ಅದು ಹಿಪ್ಪಿಗಳಿಂದ ಆರಂಭವಾಗಿ 1980ರ ದಶಕದಲ್ಲಿ ದುಬಾರಿಯಾದ ಪದ್ಧತಿ.

ದುಬಾರಿಯಾದದ್ದು ಹೇಗೆ ಎಂದು ತಿಳಿಯಬೇಕಾದರೆ ಸೊಉಕ್‌ಚೆಶ್ಮೆ ಎಂಬ ಬೀದಿಯನ್ನು ನೋಡಬೇಕು. ಹಾಗಿಯಾ ಸೋಫಿಯಾದ ಬೆನ್ನಿಗೂ ತೋಪ್‌ಕಾಪಿಯ ಹೊರಗೋಡೆಗೂ ನಡುವಿನ ಸಣ್ಣ ಓಣಿ ಅದು. ಕಲ್ಲು ಹಾಸಿದ ಇಳಿಜಾರು. ಒಂದು ಬದಿಗೆ ಗೋಡೆಗೆ ಒರಗಿದ ಮರದ ಮನೆಗಳ ಸಾಲು. ತೆಳು ಹಸಿರು, ಗುಲಾಬಿ, ಹಳದಿ ಬಣ್ಣ. ಬೀದಿಗೆ ಚಾಚಿಕೊಂಡ ಮೇಲಂತಸ್ತಿನ ಕಿಟಕಿಗಳಿಗೆ ಬಿಳಿ ಚೌಕಟ್ಟು. ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವ ಜೋಡಿಗಳು ಒಂದಲ್ಲ ಒಂದು ಮೆಟ್ಟಿಲ ಮೇಲೆ ಇದ್ದೇ ಇರುತ್ತಾರೆ. 1980ರ ದಶಕದ ನಡುವೆ ಟರ್ಕಿಯ ಟೂರಿಂಗ್ ಮತ್ತು ಆಟೊಮೊಬೈಲ್ ಕ್ಲಬ್ಬಿನ ಮುಖ್ಯಸ್ಥ ಚೆಲಿಕ್ ಗುಲೆರ್ಸೊಯ್ ಇಲ್ಲಿನ ಶಿಥಿಲ ಮನೆಗಳನ್ನು ಕೆಡವಿಸಿ, ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿಸಿ, ಮೇಲೆ ಮರದ ಹಲಗೆ ಹೊದಿಸಿ ಹೋಟೆಲು ಮಾಡಿದರು. ಕೆಲವೇ ಹೆಜ್ಜೆ ಆಚೆ 1984ರಲ್ಲಿ ಯೆಶಿಲ್ ಎವ್ ಎಂಬ ಹಸಿರು ಮನೆಯನ್ನೂ ಹೀಗೆಯೇ ಎಬ್ಬಿಸಿದ್ದರು.

ಗುಲೆರ್ಸೊಯ್ ಲಾಭಕೋರರಾಗಿರಲಿಲ್ಲ. ಮರದ ಮನೆಗಳು ಒಂದೊಂದಾಗಿ ಸುಟ್ಟು, ಕೊಳೆತು, ಅಪಾರ್ಟ್‌ಮೆಂಟುಗಳಿಗೆ ಜಾಗ ಬಿಡುತ್ತಿದ್ದ ಕಾಲದಲ್ಲಿ ಆ ಚಹರೆಯನ್ನಾದರೂ ಉಳಿಸಬೇಕೆಂದು ಹೊರಟ ಮನುಷ್ಯ. ಅವರ ಕಳಕಳಿಯನ್ನು ಮೆಚ್ಚೋಣ. ಆದರೆ ಅವರಿಂದ ಉಳಿದವರು ಕಲಿತ ಪಾಠ ಬೇರೆ: ಮುಖ ಹಳೆಯದಿದ್ದರೆ ಸಾಕು, ಒಳಗೆ ಏನಿದ್ದರೂ ನಡೆಯುತ್ತದೆ, ಯಾರೂ ಇಲ್ಲದಿದ್ದರೂ ನಡೆಯುತ್ತದೆ. ಈಗ ಚೌಕದ ಸುತ್ತ ಬೀದಿ ಬೀದಿಗೂ ಆಟೊಮನ್ ಮಹಲು, ಸುಲ್ತಾನರ ನಿವಾಸ, ಪಾಶಾನ ಮನೆ ಎಂಬ ಫಲಕಗಳಿವೆ. ಗಿಲೀಟಿನ ಕನ್ನಡಿ, ಕೆಂಪು ಮಖಮಲ್ಲಿನ ಕುರ್ಚಿ, ಗೋಡೆಯ ಮೇಲೊಂದು ಸುಲ್ತಾನರ ಟುಘ್ರಾ ಮುದ್ರೆ. ಇವುಗಳ ನಡುವೆ ನಿಜವಾದ ಹಳೆಯ ಕಟ್ಟಡದಲ್ಲಿರುವ ಹೋಟೆಲೂ ಇದೆ: ಫೋರ್ ಸೀಸನ್ಸ್. 1996ರಲ್ಲಿ ಅದು ಹೋಟೆಲಾಗುವ ಮೊದಲು ಸುಲ್ತಾನಹ್ಮೆತ್ ಜೈಲಾಗಿತ್ತು; ಕವಿ ನಾಜಿಮ್ ಹಿಕ್ಮೆತ್ ಸೆರೆಯಿದ್ದ ಜಾಗ ಅದು. ಇತಿಹಾಸದ ಮಡಿಲಲ್ಲಿ ಮಲಗಬೇಕೆಂಬ ಹಂಬಲದವರು ಆ ಇತಿಹಾಸ ಯಾರದು ಎಂದು ಒಂದು ಸಲವಾದರೂ ಕೇಳಿಕೊಂಡರೆ ಒಳ್ಳೆಯದು.

ಮನೆಗಳು ಹೋಟೆಲಾದಾಗ ಮನೆಯವರು ಎಲ್ಲಿ ಹೋದರು? ಇದಕ್ಕೆ ಸರ್ಕಾರಿ ದಾಖಲೆಯಲ್ಲೇ ಉತ್ತರವಿದೆ. ಸುಲ್ತಾನಹ್ಮೆತ್, ಗ್ರ್ಯಾಂಡ್ ಬಜಾರ್, ಸುಲೇಮಾನಿಯೆ ಸೇರಿದ್ದ ಪ್ರದೇಶಕ್ಕೆ ಎಮಿನೊನು ಎಂಬ ಸ್ವಂತ ಜಿಲ್ಲಾಡಳಿತವೂ ಪುರಸಭೆಯೂ ಇದ್ದವು. ಸಾಮ್ರಾಜ್ಯಗಳ ತಲೆಯೇ ಆಗಿದ್ದ ಆ ನೆಲದಲ್ಲಿ 2007ರ ಹೊತ್ತಿಗೆ ನೋಂದಾಯಿತ ನಿವಾಸಿಗಳು ಸುಮಾರು 32 ಸಾವಿರಕ್ಕೆ ಇಳಿದಿದ್ದರು. ಹಗಲು ಲಕ್ಷಗಟ್ಟಲೆ ಜನ, ರಾತ್ರಿ ಒಂದು ತಾಲೂಕು ಕೇಂದ್ರದಷ್ಟೂ ಇಲ್ಲ. 2008ರ ಕಾನೂನು ಎಮಿನೊನು ಜಿಲ್ಲೆಯನ್ನೇ ಅಳಿಸಿ ಪಕ್ಕದ ಫಾತಿಹ್‌ಗೆ ಸೇರಿಸಿತು. ಗೋದಾಮು, ಸಗಟು ಅಂಗಡಿಗಳ ಪಾಲೂ ಇದರಲ್ಲಿದೆ, ಹೋಟೆಲುಗಳೊಂದೇ ಕಾರಣವಲ್ಲ. ಆದರೆ ಸುಲ್ತಾನಹ್ಮೆತ್‌ನ ಬೀದಿಗಳಲ್ಲಿ ಮನೆಯ ಬಾಗಿಲು ಮುಚ್ಚಿದ ಕಡೆಯಲ್ಲೆಲ್ಲ ರಿಸೆಪ್ಷನ್ ತೆರೆದದ್ದು ಕಣ್ಣಿಗೆ ಕಾಣುವ ಸತ್ಯ. ದಿನಸಿ ಅಂಗಡಿಯ ಜಾಗದಲ್ಲಿ ಮ್ಯಾಗ್ನೆಟ್ಟು ಮಾರುವ ಅಂಗಡಿ ಬಂತು. ಕ್ಷೌರಿಕ, ದರ್ಜಿ, ಚಪ್ಪಲಿ ಹೊಲಿಯುವವ ಹೋದರು. ಕಾರ್ಪೆಟ್ ಮಳಿಗೆಗೆ ಗಿರಾಕಿ ಕರೆಯುವವನು ಬಂದ. 'ಯಾವ ದೇಶ ಅಣ್ಣಾ, ಇಂಡಿಯಾವಾ, ಶಾರುಖ್ ಖಾನ್!' ಎಂದು ಅವನು ಹಾಕುವ ಕೇಕೆಯಲ್ಲೇ ಆ ಬೀದಿಯ ರಾತ್ರಿಜೀವನ ಮುಗಿಯುತ್ತದೆ.

ಹಳೆಯ ಇಸ್ತಾಂಬುಲ್ ಅಂದರೆ ಸುಲ್ತಾನಹ್ಮೆತ್ ಎಂದು ಯುನೆಸ್ಕೋ ಕೂಡ ಹೇಳಿಲ್ಲ. 1985ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ನಾಲ್ಕು ಪ್ರದೇಶಗಳನ್ನು: ಸುಲ್ತಾನಹ್ಮೆತ್‌ನ ಪುರಾತತ್ವ ವಲಯ, ಸುಲೇಮಾನಿಯೆ ಮೊಹಲ್ಲಾ, ಜೇರೆಕ್ ಮೊಹಲ್ಲಾ ಮತ್ತು ಪಶ್ಚಿಮದ ಕೋಟೆಗೋಡೆ. ಪ್ರವಾಸಿಗರು ಮೊದಲನೆಯದರಲ್ಲೇ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಜೇರೆಕ್‌ನಲ್ಲಿ ಹನ್ನೆರಡನೇ ಶತಮಾನದ ಪಾಂಟೊಕ್ರೇಟರ್ ಮಠದ ಇಟ್ಟಿಗೆಯ ಗುಮ್ಮಟಗಳು ಇಂದು ಮಸೀದಿಯಾಗಿ, ಬಟ್ಟೆ ಒಣಹಾಕಿದ ಬೀದಿಯ ಕೊನೆಗೆ ನಿಂತಿವೆ. ಕೋಟೆಗೋಡೆಯ ಬುಡದಲ್ಲಿ ಇಂದಿಗೂ ಸೊಪ್ಪು, ಮೂಲಂಗಿ ಬೆಳೆಯುವ ತೋಟಗಳಿವೆ. ಆ ಗೋಡೆಯನ್ನು ಐದನೇ ಶತಮಾನದಲ್ಲಿ ಎಬ್ಬಿಸಿದ್ದು. ಸಾವಿರ ವರ್ಷ ಊರನ್ನು ಕಾಯ್ದ ಅದನ್ನು ಕಣ್ಣಾರೆ ನೋಡದೆ, ಮೂರು ಸಲ ಚೌಕದಲ್ಲಿ ಸೆಲ್ಫಿ ತೆಗೆದು ವಾಪಸಾಗುವವರೇ ಹೆಚ್ಚು.

ಸುಲೇಮಾನಿಯೆಯಿಂದ ಕೆಳಗಿಳಿದರೆ ವೆಫಾ. ಅಲ್ಲಿ 1876ರಿಂದ ಬೋಜಾ ಮಾರುವ ಅಂಗಡಿಯೊಂದಿದೆ. ಧಾನ್ಯವನ್ನು ಹುದುಗಿಸಿ ಮಾಡಿದ, ಅಂಬಲಿಗಿಂತ ಗಟ್ಟಿಯಾದ, ಹುಳಿ–ಸಿಹಿ ಎರಡೂ ಇರುವ ಚಳಿಗಾಲದ ಪೇಯ ಅದು. ಲೋಟದ ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿ ಕೊಡುತ್ತಾರೆ. ಎದುರಿನ ಅಂಗಡಿಯಲ್ಲಿ ಬಿಸಿ ಹುರಿಗಡಲೆ ಕಟ್ಟಿಸಿಕೊಂಡು ಬಂದು, ಮೇಲೆ ಹಾಕಿಕೊಂಡು, ಚಮಚದಲ್ಲಿ ತಿನ್ನುವುದು ವಾಡಿಕೆ. ಬಾಗಿಲ ಅಮೃತಶಿಲೆಯ ಹೊಸ್ತಿಲು ಕಾಲು ತಾಗಿ ತಾಗಿ ನಡುವೆ ತಗ್ಗಾಗಿದೆ. ಟರ್ಕಿ ಗಣರಾಜ್ಯದ ಸ್ಥಾಪಕ ಅತಾತುರ್ಕ್ ಕುಡಿದ ಲೋಟವನ್ನು ಗಾಜಿನೊಳಗಿಟ್ಟಿದ್ದಾರೆ. ಚಳಿಗಾಲದ ರಾತ್ರಿ ಮೊಮ್ಮಗುವಿನ ಕೈಹಿಡಿದ ಅಜ್ಜಿಯರು, ಕಾಲೇಜು ಹುಡುಗರು ನಿಂತೇ ಕುಡಿದು ಹೋಗುತ್ತಾರೆ. ಸುಲ್ತಾನಹ್ಮೆತ್‌ನ ತಾರಸಿಯಲ್ಲಿ ದುಬಾರಿ ಊಟಕ್ಕೆ ಕುಳಿತವನಿಗೆ ಇದು ಇಪ್ಪತ್ತು–ಇಪ್ಪತ್ತೈದು ನಿಮಿಷದ ದಾರಿ. ಅವನು ಬರುವುದಿಲ್ಲ, ಏಕೆಂದರೆ ಎಲ್ಲವೂ ಹತ್ತು ನಿಮಿಷದಲ್ಲೇ ಇದೆ ಎಂದು ಅವನಿಗೆ ಹೇಳಿ ಕಳಿಸಿದ್ದಾರೆ.

ಈ ಊರಿನಲ್ಲಿ ಇತಿಹಾಸಕ್ಕೆ ಒಂದು ಚೌಕ ಗೊತ್ತುಮಾಡುವುದೇ ತಪ್ಪು. ಬಾಸ್ಫರಸ್ಸಿನ ಅಡಿಯಲ್ಲಿ ಮರ್ಮರಾಯ್ ರೈಲು ಹಾಕಲು ಯೆನಿಕಾಪಿಯಲ್ಲಿ ನೆಲ ಅಗೆದಾಗ ಚಕ್ರವರ್ತಿ ಥಿಯೊಡೋಸಿಯಸ್ ಕಾಲದ ಬಂದರು ಸಿಕ್ಕಿತು. ಹೂಳಿನಲ್ಲಿ 37 ಹಡಗುಗಳು ಸಿಕ್ಕವು. ಅದರ ಕೆಳಗೆ ಸುಮಾರು 8,000 ವರ್ಷ ಹಿಂದಿನ ಮನುಷ್ಯರ ಹೆಜ್ಜೆಗುರುತು ಸಿಕ್ಕಿತು. ಇಷ್ಟು ಸಿಕ್ಕಿದ್ದು ಯಾವ ಪ್ರವಾಸಿ ನಕ್ಷೆಯಲ್ಲೂ ಇರದ ಒಂದು ರೈಲು–ಹಡಗಿನ ಜಂಕ್ಷನ್ನಿನಲ್ಲಿ.

ಸಲಹೆ ಹಳಸಿದ್ದಕ್ಕೆ ಇನ್ನೊಂದು ಕಾರಣ ಸಾರಿಗೆ. ಅತಾತುರ್ಕ್ ವಿಮಾನ ನಿಲ್ದಾಣ ಇದ್ದ ಕಾಲದಲ್ಲಿ ಮೆಟ್ರೋ ಹತ್ತಿ, ಜೇತಿನ್‌ಬುರ್ನುವಿನಲ್ಲಿ ಟ್ರಾಮಿಗೆ ಬದಲಾಯಿಸಿದರೆ ನೇರ ಸುಲ್ತಾನಹ್ಮೆತ್‌ನಲ್ಲಿ ಇಳಿಯಬಹುದಿತ್ತು. ಆಗ ಅಲ್ಲೇ ಉಳಿಯುವುದರಲ್ಲಿ ಅರ್ಥವಿತ್ತು. 2019ರ ಏಪ್ರಿಲ್‌ನಲ್ಲಿ ಪ್ರಯಾಣಿಕ ವಿಮಾನಗಳೆಲ್ಲ ಕಪ್ಪು ಸಮುದ್ರದ ಬದಿಯ ಹೊಸ ನಿಲ್ದಾಣಕ್ಕೆ ಹೋದವು. ಅಲ್ಲಿಂದ ಹೊರಡುವ ಎಂ11 ಮೆಟ್ರೋ 2024ರಿಂದ ಗೈರೆತ್ತೆಪೆಗೆ ತಲುಪುತ್ತದೆ. ಅದು ಖಾರಿಯ ಉತ್ತರಕ್ಕಿರುವ ಹೊಸ ನಗರ. ಇನ್ನೊಂದು ವಿಮಾನ ನಿಲ್ದಾಣ ಸಬಿಹಾ ಗೊಕ್ಚೆನ್ ಏಷ್ಯಾದ ದಡದಲ್ಲಿದೆ. 2022ರಿಂದ ಅಲ್ಲಿಗೂ ಅದೇ ದಡದ ಕಾದಿಕೊಯ್‌ಗೂ ಒಂದೇ ಮೆಟ್ರೋ ಮಾರ್ಗ. ದಾರಿಗಳೆಲ್ಲ ಬದಲಾದವು, ಸಲಹೆ ಮಾತ್ರ ನಿಂತಲ್ಲೇ ನಿಂತಿದೆ.

ಕಾದಿಕೊಯ್ ಎಂದ ಕೂಡಲೇ 'ಅಯ್ಯೋ, ಅದು ಏಷ್ಯಾದಲ್ಲಲ್ಲವೇ!' ಎಂಬ ಉದ್ಗಾರ ಬರುತ್ತದೆ, ಖಂಡಾಂತರ ಪ್ರಯಾಣ ಮಾಡಬೇಕೇನೋ ಎಂಬಂತೆ. ಎಮಿನೊನುವಿನ ಕಟ್ಟೆಯಿಂದ ಕಾದಿಕೊಯ್‌ಗೆ ಹಡಗಿನಲ್ಲಿ ಇಪ್ಪತ್ತು–ಇಪ್ಪತ್ತೈದು ನಿಮಿಷ. ಸಿರ್ಕೆಜಿಯಿಂದ ಉಸ್ಕುದಾರ್‌ಗೆ ಮರ್ಮರಾಯ್ ರೈಲಿನಲ್ಲಿ ಸಮುದ್ರದ ಅಡಿಯಲ್ಲಿ ನಾಲ್ಕೇ ನಿಮಿಷ. ಬೆಂಗಳೂರಿನವರಿಗೆ ಇಷ್ಟು ದೂರದ ಬಗ್ಗೆ ದೂರು ಹೇಳುವ ಹಕ್ಕು ಇಲ್ಲ. ಅದೂ ಹೋಗಲಿ, ಆ ಹಡಗಿನ ಪ್ರಯಾಣವನ್ನು ವ್ಯರ್ಥವಾದ ಹೊತ್ತು ಎಂದು ಎಣಿಸುವವರಿಗೆ ಇಸ್ತಾಂಬುಲ್ ಏನೆಂಬುದೇ ತಿಳಿದಿಲ್ಲ. ಈ ಊರಿನ ಅತ್ಯಂತ ಪ್ರಸಿದ್ಧ ನೋಟ ಯಾವುದು? ಹಾಗಿಯಾ ಸೋಫಿಯಾ, ನೀಲಿ ಮಸೀದಿ, ತೋಪ್‌ಕಾಪಿಯ ಗೋಪುರ, ಸುಲೇಮಾನಿಯೆ ಎಲ್ಲವೂ ಒಂದರ ಪಕ್ಕ ಒಂದು ನಿಂತ ದಿಣ್ಣೆಗಳ ಸಾಲು. ಅದು ಕಾಣುವುದು ನೀರಿನ ಮೇಲಿಂದ. ತಾರಸಿಯಲ್ಲಿ ಕುಳಿತವನಿಗೆ ಒಂದು ಗುಮ್ಮಟ ಕಾಣುತ್ತದೆ, ಜೊತೆಗೆ ಪಕ್ಕದ ಹೋಟೆಲಿನ ಏಸಿ ಡಬ್ಬಗಳು ಕಾಣುತ್ತವೆ. ಇಸ್ತಾಂಬುಲ್‌ಕಾರ್ಡ್ ಎಂಬ ಸಾರಿಗೆ ಕಾರ್ಡು ತಟ್ಟಿ ಹಡಗಿನ ಹೊರಬೆಂಚಿಗೆ ಬಂದು ಕುಳಿತವನಿಗೆ, ನಡು ಸಣ್ಣಗಿನ ಲೋಟದಲ್ಲಿ ಚಹಾ ತಂದುಕೊಡುವವನ ತಟ್ಟೆಯ ಆಚೆ, ಊರಿಗೆ ಊರೇ ಕಾಣುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ನಗರ ಸಾರಿಗೆಯ ದರದಲ್ಲಿ. ದೂರದ ಬೆಟ್ಟ ನುಣ್ಣಗೆ ಎಂದು ಹಂಗಿಸುವ ನಮ್ಮ ಗಾದೆ ಇಲ್ಲಿ ಮಾತ್ರ ಪ್ರಶಂಸೆಯಾಗುತ್ತದೆ.

'ಆದರೆ ರೇಟಿಂಗ್ ನೋಡಿ, ಅಲ್ಲಿನ ಹೋಟೆಲುಗಳಿಗೆಲ್ಲ ಒಂಬತ್ತರ ಮೇಲೆ ಅಂಕ ಇದೆ' ಎನ್ನುವವರಿಗೊಂದು ಸಂಗತಿ. 2017ರ ಮಾರ್ಚ್‌ನಲ್ಲಿ ಟರ್ಕಿಯ ಪ್ರವಾಸ ಏಜೆನ್ಸಿಗಳ ಸಂಘ ಹೂಡಿದ ದಾವೆಯಲ್ಲಿ ಇಸ್ತಾಂಬುಲಿನ ನ್ಯಾಯಾಲಯ ಬುಕಿಂಗ್ ಡಾಟ್ ಕಾಮ್‌ಗೆ ತಡೆ ಕೊಟ್ಟಿತು. ಅಲ್ಲಿಂದ ವರ್ಷಗಟ್ಟಲೆ, ಟರ್ಕಿಯೊಳಗೆ ಕುಳಿತವರು ಆ ತಾಣದಲ್ಲಿ ಟರ್ಕಿಯ ಹೋಟೆಲು ಕಾಯ್ದಿರಿಸುವಂತಿರಲಿಲ್ಲ, ಹೊರಗಿನವರಿಗೆ ಅಡ್ಡಿಯಿರಲಿಲ್ಲ. ಹಾಗಾಗಿ ಅಲ್ಲಿ ರಾಶಿಬಿದ್ದ ಅಂಕಗಳು ಬಹುಪಾಲು ಮೊದಲ ಸಲ ಬಂದ ಪರದೇಶಿಗಳು ಕೊಟ್ಟವು. ಅವರಿಗೆ ಹೋಲಿಕೆಗೆ ಬೇರೆ ಮೊಹಲ್ಲಾ ಗೊತ್ತಿಲ್ಲ, ಏಕೆಂದರೆ ಅವರಿಗೂ ಹೇಳಿ ಕಳಿಸಿದ್ದು ಸುಲ್ತಾನಹ್ಮೆತ್ ಒಂದನ್ನೇ. ಒಬ್ಬರು ಇನ್ನೊಬ್ಬರ ಮಾತಿಗೆ ಹೂಂಗುಟ್ಟಿದ್ದನ್ನೇ ನಾವು ಸಾಕ್ಷ್ಯ ಎಂದು ಎಣಿಸಿ ಕುಳಿತಿದ್ದೇವೆ. ಆ ಅಂಕ ಹೇಳುವುದು ದಿಂಬು ಮೆತ್ತಗಿತ್ತೇ, ರಿಸೆಪ್ಷನ್ನಿನವರು ನಕ್ಕರೇ ಎಂಬುದನ್ನು. ಆ ಬೀದಿಯಲ್ಲಿ ಉಳಿಯುವುದು ಸರಿಯೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಅಂಕದಲ್ಲಿ ಕಾಣದ ಇನ್ನೂ ದೊಡ್ಡ ಸಂಗತಿ ಕಟ್ಟಡದ ಗಟ್ಟಿತನ. ಇಸ್ತಾಂಬುಲ್ ಭೂಕಂಪದ ಊರು. 1999ರ ಆಗಸ್ಟ್ 17ರ ಇಜ್ಮಿತ್ ಭೂಕಂಪದಲ್ಲಿ ಸತ್ತವರ ಅಧಿಕೃತ ಸಂಖ್ಯೆಯೇ 17 ಸಾವಿರ ದಾಟಿತ್ತು. ನಗರದೊಳಗಿನ ಅವ್ಜಿಲಾರ್‌ನಲ್ಲೂ ಕಟ್ಟಡಗಳು ಕುಸಿದವು. 2023ರ ಫೆಬ್ರವರಿಯ ಭೂಕಂಪದಲ್ಲಿ ಅದಿಯಾಮಾನ್‌ನ ಇಸಿಯಾಸ್ ಹೋಟೆಲು ಉರುಳಿ 72 ಮಂದಿ ಸತ್ತರು. ವಾಲಿಬಾಲ್ ಪಂದ್ಯಕ್ಕೆಂದು ಸೈಪ್ರಸ್‌ನಿಂದ ಬಂದಿದ್ದ ಶಾಲಾ ಮಕ್ಕಳು ಅವರಲ್ಲಿದ್ದರು. ಅನುಮತಿಯಿಲ್ಲದ ಕಟ್ಟಡಗಳನ್ನು ಶುಲ್ಕ ಕಟ್ಟಿಸಿಕೊಂಡು ಸಕ್ರಮ ಮಾಡುವ ಯೋಜನೆಯೊಂದು 2018ರಲ್ಲಿ ದೇಶದಾದ್ಯಂತ ಜಾರಿಯಾಗಿತ್ತು. ಇಷ್ಟಾದರೂ ಹೋಟೆಲು ಆರಿಸುವಾಗ ನಾವು ಕೇಳುವುದು 'ತಾರಸಿ ಇದೆಯೇ, ಗುಮ್ಮಟ ಕಾಣುತ್ತದೆಯೇ?' ಎಂದು. ಕೇಳಬೇಕಾದದ್ದು ಕಟ್ಟಡ ಯಾವ ವರ್ಷದ್ದು, ಬಲಪಡಿಸಿದ್ದಾರೆಯೇ, ಆ ತಾರಸಿ ಮೂಲ ನಕ್ಷೆಯಲ್ಲಿತ್ತೇ ಅಥವಾ ಆಮೇಲೆ ಏರಿಸಿದ್ದೇ ಎಂದು. ಕೇಳಿದ್ದಕ್ಕೆ ನೇರ ಉತ್ತರ ಕೊಡುವ ಹೋಟೆಲಿಗೆ ನನ್ನ ಅಂಕ ಹತ್ತಕ್ಕೆ ಹತ್ತು.

ಈಗ ತಕರಾರುಗಳು. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದಾರೆ, ಅವರಿಗೆ ಹತ್ತಿರವೇ ಬೇಕಲ್ಲ? ಸುಲ್ತಾನಹ್ಮೆತ್ ಇರುವುದು ದಿಣ್ಣೆಯ ತಲೆಯ ಮೇಲೆ. ಅದರ ಬಹಳಷ್ಟು ಹೋಟೆಲುಗಳು ಇರುವುದು ಮರ್ಮರಾ ಸಮುದ್ರದ ಕಡೆಗಿಳಿಯುವ ಕಡಿದಾದ, ಕಲ್ಲು ಹಾಸಿದ ಓಣಿಗಳಲ್ಲಿ. ಹಳೆಯ ಮಹಲಿನ ನೆಪದಲ್ಲಿ ಎಷ್ಟೋ ಕಡೆ ಲಿಫ್ಟ್ ಇರುವುದಿಲ್ಲ. 'ಐದು ನಿಮಿಷದ ನಡಿಗೆ' ಎಂದು ಬರೆದವರು ಅದು ಏರು ಎಂದು ಬರೆಯಲಿಲ್ಲ. ಮಂಡಿನೋವಿನವರಿಗೆ ಬೇಕಾದದ್ದು ಸಮತಟ್ಟಾದ ಬೀದಿ, ಲಿಫ್ಟ್, ನೂರು ಹೆಜ್ಜೆಯಲ್ಲಿ ಟ್ರಾಮು. ಸಿರ್ಕೆಜಿ, ಕರಾಕೊಯ್, ಕಬತಾಶ್ ಮೂರೂ ಟಿ1 ಟ್ರಾಮಿನ ದಾರಿಯಲ್ಲಿ ನೀರಿನ ಮಟ್ಟದಲ್ಲಿವೆ. ಹಾಗಿಯಾ ಸೋಫಿಯಾಕ್ಕೆ ಕುಳಿತೇ ಹತ್ತಿ ಹೋಗಬಹುದು.

ಹೆಂಗಸರ ಸುರಕ್ಷತೆ? ರಾತ್ರಿ ಹತ್ತಕ್ಕೆ ಬೀದಿಯನ್ನು ಸುರಕ್ಷಿತವಾಗಿಡುವುದು ಸ್ಮಾರಕವಲ್ಲ, ಜನ. ಕಾದಿಕೊಯ್ ಮಾರುಕಟ್ಟೆಯಲ್ಲಿ ಆ ಹೊತ್ತಿಗೆ ಹುಡುಗಿಯರ ಗುಂಪು, ಮಕ್ಕಳ ಗಾಡಿ ತಳ್ಳುವ ದಂಪತಿ, ಮೀನಂಗಡಿ ತೊಳೆಯುವವರು ಎಲ್ಲರೂ ಇರುತ್ತಾರೆ. ಹಾಗೆಂದು ತಕ್ಸಿಮ್ ಚೌಕದ ಹಿಂದುಗಡೆಯ ಗಲ್ಲಿಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಒಂಟಿ ಗಂಡಸನ್ನು ಬಾರಿಗೆ ಕರೆದೊಯ್ದು ಬಿಲ್ಲಿನಲ್ಲಿ ಸುಲಿಯುವ ದಂಧೆಗೆ ಆ ಕಡೆ ಹೆಸರಾಗಿದೆ. ಒಂದು ಪ್ರವಾಸಿ ಕೊಟ್ಟಿಗೆಯಿಂದ ಇನ್ನೊಂದಕ್ಕೆ ಹಾರುವುದರಲ್ಲಿ ಏನೂ ಸಾಧನೆ ಇಲ್ಲ.

ಸಸ್ಯಾಹಾರಿಗಳ ಚಿಂತೆಯೂ ನನಗೆ ಗೊತ್ತು. ಸುಲ್ತಾನಹ್ಮೆತ್‌ನಲ್ಲಿ ಇಂಡಿಯನ್ ರೆಸ್ಟೋರೆಂಟುಗಳಿವೆ, ಅದೇ ಧೈರ್ಯ ಎನ್ನುತ್ತಾರೆ. ಆದರೆ ಟರ್ಕಿಯವರು ದಿನಾ ಉಣ್ಣುವ ಅಡುಗೆಯಲ್ಲೇ ನಮಗೆ ಬೇಕಾದದ್ದು ಇದೆ. ಅಂಗಡಿ ಕೆಲಸಗಾರರು ಮಧ್ಯಾಹ್ನ ಉಣ್ಣುವ ಎಸ್ನಾಫ್ ಲೋಕಾಂತಾ ಎಂಬ ಮೆಸ್‌ಗಳಲ್ಲಿ ಅಡುಗೆಯನ್ನೆಲ್ಲ ಗಾಜಿನ ಹಿಂದೆ ತಟ್ಟೆಗಳಲ್ಲಿ ಇಟ್ಟಿರುತ್ತಾರೆ. ಬೆರಳು ತೋರಿಸಿದರೆ ಬಡಿಸುತ್ತಾರೆ. ಆಲಿವ್ ಎಣ್ಣೆಯಲ್ಲಿ ಬೇಯಿಸಿ ಆರಿಸಿದ ಹುರುಳಿಕಾಯಿ, ಬದನೆಕಾಯಿ, ಬೆಂದ ಕಡಲೆಕಾಳು, ಅನ್ನ, ಮೊಸರು. ಬೇಳೆ ಸೂಪಿಗೆ ಕೆಲವೊಮ್ಮೆ ಮಾಂಸದ ಸಾರು ಬೆರೆಸುತ್ತಾರೆ, 'ಎತ್‌ಸಿಜ್' ಎಂದು ಕೇಳಿ ಖಾತ್ರಿ ಮಾಡಿಕೊಂಡರಾಯಿತು. ಇಂಥ ಮೆಸ್ ಇರುವುದು ಕೆಲಸ ಮಾಡುವ, ವಾಸಿಸುವ ಜನರಿರುವಲ್ಲಿ: ಕಾದಿಕೊಯ್, ಬೆಶಿಕ್ತಾಶ್, ಉಸ್ಕುದಾರ್, ಫಾತಿಹ್‌ಗಳಲ್ಲಿ. ಚಿತ್ರ ಅಚ್ಚು ಹಾಕಿದ ಪ್ಲಾಸ್ಟಿಕ್ ಮೆನುವಿನ ಬೀದಿಯಲ್ಲಿ ಇದನ್ನು ಹುಡುಕಿದರೆ ಸಿಗುವುದು ಕಷ್ಟ.

ಬೆಳಗಿನ ಜಾವ ಜನವಿಲ್ಲದ ಚೌಕ ಎಷ್ಟು ಸೊಗಸು ಗೊತ್ತೇ ಎನ್ನುವವರೂ ಇದ್ದಾರೆ. ಸೊಗಸೇ, ಒಪ್ಪುತ್ತೇನೆ. ಬೆಳಿಗ್ಗೆ ಆರರ ಹೊತ್ತಿಗೆ ಟ್ರಾಮು ಶುರುವಾಗುತ್ತದೆ, ಒಂದು ದಿನ ಹತ್ತಿ ಬಂದು ನೋಡಿ. ಒಂದು ಮುಂಜಾನೆಗಾಗಿ ಏಳು ರಾತ್ರಿ ಅಡವಿಡಬೇಕಾಗಿಲ್ಲ. ವಿಮಾನ ಬದಲಿಸುವ ನಡುವೆ ಒಂದೇ ರಾತ್ರಿ ಸಿಕ್ಕವರು ಚೌಕದಲ್ಲೇ ಮಲಗಲಿ. ಅವರೊಡನೆ ನನ್ನ ಜಗಳವಿಲ್ಲ. ಒಂದು ರಾತ್ರಿಯವರ ಸಲಹೆಯನ್ನು ವಾರ ಉಳಿಯುವವರ ಮೇಲೆ ಹೇರುವುದರ ಮೇಲೆ ನನ್ನ ಜಗಳ.

ಗಂಭೀರವಾದ ಆಕ್ಷೇಪ ಒಂದೇ: ಎಲ್ಲರೂ ನಿಮ್ಮ ಮಾತು ಕೇಳಿ ಕಾದಿಕೊಯ್‌ಗೆ, ಬಾಲಾತ್‌ಗೆ ಹೋದರೆ ಅವುಗಳಿಗೂ ಸುಲ್ತಾನಹ್ಮೆತ್‌ನ ಗತಿಯೇ ಬರುವುದಿಲ್ಲವೇ? ಬರಬಹುದು. ಬಾಲಾತ್‌ನ ಬಣ್ಣದ ಮನೆಗಳ ಬೀದಿಯಲ್ಲಿ ಈಗಾಗಲೇ ಬಾಡಿಗೆಯವರು ಹೋಗಿ ಕೆಫೆಗಳು ಬರುತ್ತಿವೆ. ಅಪಾಯ ಇರುವುದು ಪ್ರವಾಸಿಗರು ಬರುವುದರಲ್ಲಲ್ಲ, ಒಂದೇ ಕಡೆ ಮುಗಿಬೀಳುವುದರಲ್ಲಿ ಮತ್ತು ಜನರ ಮನೆಗಳನ್ನೇ ವಸತಿಗೃಹ ಮಾಡುವುದರಲ್ಲಿ. ಒಂದೂವರೆ ಕೋಟಿಯ ಊರಿನ ಹತ್ತಾರು ಮೊಹಲ್ಲಾಗಳಲ್ಲಿ ಹಂಚಿಹೋದ ಅತಿಥಿಗಳು ಯಾವ ಬೀದಿಯನ್ನೂ ನುಂಗುವುದಿಲ್ಲ. ಮನೆಗಳು ವಸತಿಗೃಹವಾಗಬಾರದೆಂದೇ ಆ ಮೊಹಲ್ಲಾಗಳ ಫ್ಲಾಟು ಹಿಡಿಯಿರಿ ಎಂದು ನಾನು ಹೇಳುವುದಿಲ್ಲ. 2024ರ ಜನವರಿಯಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ ನೂರು ದಿನ ಅಥವಾ ಅದಕ್ಕಿಂತ ಕಡಿಮೆ ಅವಧಿಗೆ ಪ್ರವಾಸಿಗೆ ಮನೆ ಬಾಡಿಗೆ ಕೊಡಲು ಸರ್ಕಾರದ ಪರವಾನಗಿ ಬೇಕು. ಅದಕ್ಕೆ ಆ ಕಟ್ಟಡದ ಎಲ್ಲ ಫ್ಲಾಟು ಮಾಲೀಕರ ಒಪ್ಪಿಗೆ ಬೇಕು. ಬಾಗಿಲ ಮೇಲೆ ಪರವಾನಗಿ ಫಲಕವಿಲ್ಲದ ಫ್ಲಾಟು ಅಗ್ಗವೆಂದು ಹಿಡಿದರೆ ಯಾರೋ ಒಬ್ಬ ಬಾಡಿಗೆದಾರನ ಮನೆಯನ್ನು ಕಿತ್ತುಕೊಂಡ ಹಾಗೆಯೇ. ಹೋಟೆಲಾಗಿಯೇ ಕಟ್ಟಿದ, ಪಾಸ್‌ಪೋರ್ಟ್ ದಾಖಲಿಸಿಕೊಂಡು ಶೇ 2ರ ವಸತಿ ತೆರಿಗೆಯನ್ನು ಬಿಲ್ಲಿನಲ್ಲಿ ತೋರಿಸುವ ಸಾಧಾರಣ ಹೋಟೆಲು ಸಾಕು.

ಹಾಗಾದರೆ ಆರಿಸುವುದು ಹೇಗೆ? ನಕ್ಷೆಯಲ್ಲಿ ಹಾಗಿಯಾ ಸೋಫಿಯಾದ ಮೇಲೆ ಸೂಜಿ ಚುಚ್ಚಿ ಸುತ್ತ ವೃತ್ತ ಎಳೆಯುವುದನ್ನು ಮೊದಲು ಬಿಡಿ. ಹಡಗುಕಟ್ಟೆ, ಟ್ರಾಮು, ಮರ್ಮರಾಯ್ ನಿಲ್ದಾಣಗಳನ್ನು ಗುರುತಿಸಿ, ಅವುಗಳಿಂದ ಏರಿಲ್ಲದೆ ನಡೆದು ತಲುಪುವ ಬೀದಿಗಳನ್ನು ನೋಡಿ. ಆ ಬೀದಿಯಲ್ಲಿ ದಿನಸಿ ಅಂಗಡಿ, ಬೇಕರಿ, ಔಷಧದಂಗಡಿ, ಶಾಲೆ ಇವೆಯೇ ನೋಡಿ. ಇದ್ದರೆ ಅಲ್ಲಿ ಜನ ವಾಸಿಸುತ್ತಾರೆ. ವಿಮಾನ ಯಾವ ನಿಲ್ದಾಣಕ್ಕೆ ಎಂದು ನೋಡಿ ದಡ ನಿರ್ಧರಿಸಿ. ಕಟ್ಟಡದ ವಯಸ್ಸು ಕೇಳಿ, ಲಿಫ್ಟ್ ಕೇಳಿ. ತಾರಸಿಯ ನೋಟಕ್ಕೆ ಒಂದು ಲಿರಾ ಕೂಡ ಹೆಚ್ಚು ಕೊಡಬೇಡಿ.

ಸ್ಮಾರಕಗಳನ್ನು ಕಡೆಗಣಿಸಿ ಎಂದು ಇಲ್ಲಿ ಎಲ್ಲೂ ಹೇಳಿಲ್ಲ. ಹಗಲೆಲ್ಲ ಅವುಗಳಿಗೇ ಕೊಡಿ, ಹಾಗಿಯಾ ಸೋಫಿಯಾಕ್ಕೆ ಎರಡು ಸಲ ಹೋಗಿ. ಆದರೆ ಬೆಳಿಗ್ಗೆ ಮತ್ತು ರಾತ್ರಿಯನ್ನು ಊರಿಗೆ ಕೊಡಿ. ಇಸ್ತಾಂಬುಲ್ ಒಂದು ವಸ್ತುಸಂಗ್ರಹಾಲಯವಲ್ಲ. ಅದರ ಇತಿಹಾಸ ಅಷ್ಟು ದೀರ್ಘವಾದದ್ದು ಅಲ್ಲಿ ಜನ ಒಂದು ದಿನವೂ ಬಿಡದೆ ಬದುಕಿದ್ದರಿಂದ. ಆ ಜನರನ್ನು ಹೊರಗೆ ಕಳಿಸಿದ ಬೀದಿಯಲ್ಲಿ ರೂಮು ಮಾಡಿ ಇತಿಹಾಸದ ಹತ್ತಿರ ಇದ್ದೆವು ಎಂದು ಹೇಳಿಕೊಳ್ಳುವುದು ನಮಗೆ ನಾವೇ ಹೇಳಿಕೊಳ್ಳುವ ಸುಳ್ಳು. ಆ ಸುಳ್ಳಿಗೆ ಯೂರೋ ಲೆಕ್ಕದಲ್ಲಿ ಬೆಲೆ ತೆರುವುದನ್ನಾದರೂ ನಿಲ್ಲಿಸೋಣ.